ಉದ್ದ ತೋಳು

ಜಿನೋವಾ ಬಂದರಿನಲ್ಲಿ ಮೂವತ್ತೊಂದು ವರ್ಷ
ಕ್ರೇನು ನಡೆಸಿದ ಒತ್ತಾವಿಯೊ
ಈಗ ಬ್ಯಾಂಕಿನ ತಿರುಗುವ ಕುರ್ಚಿಯಲ್ಲಿ
ಅಲುಗಾಡದೆ ಕೂತಿದ್ದಾನೆ.

ಮೇಜಿನಾಚೆಯ ಹುಡುಗಿ ಕಾಗದ ತಿರುಗಿಸಿ ತೋರಿಸುತ್ತಾಳೆ:
ಬಡ್ಡಿ ಏರಿದರೆ ಬಾಂಡಿನ ಬೆಲೆ ಇಳಿಯುತ್ತದೆ,
ಇಳಿದರೆ ಏರುತ್ತದೆ;
ಎರಡು ವರ್ಷದ್ದು ಕೊಂಚ, ಮೂವತ್ತರದ್ದು ಬಹಳ.
"ಯಾಕೆ ಬಹಳ?" ಎಂದು ನೀವೆಸ್ ಕೇಳಿದರೆ
ಹುಡುಗಿ ಸೂತ್ರ ಹುಡುಕುತ್ತಾಳೆ.

ಅವನು ಸೂತ್ರಕ್ಕೆ ಕಾಯುವುದಿಲ್ಲ. ಮೊಣಕೈ ಮೇಜಿಗೂರಿ
ಕೈ ಚಾಚುತ್ತಾನೆ: ನೋಡು,
ಕ್ಯಾಬಿನ್ನಿನಲ್ಲಿ ಹಿಡಿಕೆಯನ್ನು ಉಗುರಗಲ ಸರಿಸಿದರೆ
ತುದಿಯಲ್ಲಿ ಕಾಫಿ ಮೂಟೆಗಳು
ಒಂದು ಮನೆಯಗಲ ತೂಗುತ್ತಿದ್ದವು.
ತೋಳು ಉದ್ದವಾದಷ್ಟೂ ತೂಗಾಟ ಜಾಸ್ತಿ.
ಕೆಳಗೆ ನಿಂತವರು ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು.

ಹೋದ ಸಲ ಬಡ್ಡಿ ಏರಿದಾಗ
ಹೆಸರಿನಲ್ಲೇ 'ಭದ್ರ' ಎಂದಿದ್ದ ಫಂಡು
ಕರಗಿತ್ತು, ಅಡುಗೆಮನೆಯ ಹೊಸ ಟೈಲ್ಸಿನಷ್ಟು.
ನೀವೆಸ್ ಇನ್ನೂ ಹಳೆಯ ಬಿರುಕಿನ ಮೇಲೇ ಓಡಾಡುತ್ತಾಳೆ.

ಹಾಗಾಗಿ ಎಲ್ಲ ಗಿಡ್ಡ ಅವಧಿಗೆ:
ಆರು ತಿಂಗಳು, ಎರಡು ವರ್ಷ, ಮೂರು,
ಒಂದು ಮುಗಿದಂತೆ ಒಂದು ಕೈಗೆ ಬರಲಿ.
ಅಷ್ಟರಲ್ಲಿ ಬಡ್ಡಿ ಇಳಿದರೆ?
ಇಳಿಯಲಿ. ಬ್ರೆಡ್ಡಿನ ಮೇಲೆ ಎಣ್ಣೆ ತೆಳುವಾಗುತ್ತದೆ,
ಬ್ರೆಡ್ಡು ಇರುತ್ತದಲ್ಲ.

ಸಹಿಗೆ ಪೆನ್ನು ತೆಗೆದಾಗ ನೀವೆಸ್ ಅನ್ನುತ್ತಾಳೆ:
ನನ್ನ ಹೊಲಿಗೆಯ ದುಡ್ಡು ಮಾತ್ರ ಮೂವತ್ತು ವರ್ಷದ್ದಕ್ಕೆ.

"ನಿನಗೀಗ ಎಪ್ಪತ್ತೆರಡು."

"ಗೊತ್ತು.
ಇಷ್ಟು ವರ್ಷ ಮೇಲೆ ಕೂತು ಹಿಡಿಕೆ ಹಿಡಿದವನು ನೀನು.
ತುದಿಯಲ್ಲಿ ತೂಗುವುದು ಹೇಗಿರುತ್ತದೆಂದು
ನಾನೊಮ್ಮೆ ನೋಡುತ್ತೇನೆ."