ಸೊಗರಾಬಿಯ ಬೇಸಿನ್ನು

ಶಿಡ್ಲಘಟ್ಟದ ಆ ಶೀಟು ಮನೆಯಲ್ಲಿ
ನಮ್ಮಿಬ್ಬರ ಬೇಸಿನ್ನು ಅಕ್ಕಪಕ್ಕ,
ನಡುವೆ ಒಂದು ಮೊಳ ಆವಿ.
ಬೆಂದ ಹುಳುವಿನ ವಾಸನೆ ಅವಳ ಸೆರಗಿಗೂ ಅಷ್ಟೆ,
ನನ್ನ ಭಾನುವಾರದ ಸೀರೆಗೂ ಅಷ್ಟೆ.
ಚರ್ಚಿನಲ್ಲಿ ಬೆಂಚಿನವರು ಒಂದಿಷ್ಟು ಸರಿದು ಕೂರುತ್ತಾರೆ.
ಅವಳಿಗೆ ಮದುವೆ ಮನೆಗಳಲ್ಲಿ ಹಾಗೇ ಅಂತೆ.

ಅವಳು ಸೊಗರಾಬಿ. ನಾನು ಎಸ್ತೇರಮ್ಮ.
"ನಿಮ್ಮ ಮರಿಯಮ್ಮನ ಹೆಸರಲ್ಲಿ ನಮ್ಮಲ್ಲಿ ಒಂದು ಅಧ್ಯಾಯವೇ ಇದೆ,
ನಿಮ್ಮಲ್ಲಿ ಉಂಟಾ?"
ಮೊದಲ ದಿನವೇ ಕೇಳಿದಳು.
ಇಲ್ಲ ಅಂದೆ. ಯಾಕೋ ನಾಚಿಕೆಯಾಯಿತು.
ಖರ್ಜೂರದ ಮರಕ್ಕೆ ಒರಗಿ ಒಬ್ಬಳೇ ಹೆತ್ತಳಂತೆ ಅವಳ ಮರಿಯಮ್;
ನಮ್ಮವಳು ದನದ ಕೊಟ್ಟಿಗೆಯಲ್ಲಿ.
ಗಂಡಸಿನ ಸೋಂಕಿಲ್ಲದೆ ಹೆತ್ತಳು ಅನ್ನುವಲ್ಲಿಗೆ
ಇಬ್ಬರೂ ಒಟ್ಟಿಗೆ ತಲೆಯಾಡಿಸಿ
ಬಿಸಿನೀರಿಗೆ ಕೈ ಅದ್ದಿದೆವು.

ಅಲ್ಲಿಂದ ಮುಂದೆ ಕವಲು.

"ಮೂರು ಹೇಗೆ ಒಂದು, ಎಸ್ತೇರಮ್ಮ?"
ಜಾಣೆ ನಾನು, ಎಂಟು ಗೂಡಿನ ಎಂಟು ಎಳೆ
ಒಂದೇ ನೂಲಾಗಿ ರಾಟೆಗೆ ಏರುವುದನ್ನು ತೋರಿಸಿದೆ.
ತೋರಿಸುತ್ತಿದ್ದ ಹಾಗೇ ಪಟಕ್ಕನೆ ಕಡಿಯಿತು.
"ನೋಡು, ಸೇರಿಸಿದ್ದು ಕಡಿಯುತ್ತೆ. ಅವನು ಸೇರಿಸಿದ್ದಲ್ಲ.
ಮುಪ್ಪೇ ಇಲ್ಲದವನಿಗೆ ಮಗ ಯಾತಕ್ಕೆ?"
ನಾನು ತುದಿ ಹುಡುಕುತ್ತಾ ಕೂತೆ.
ಅಯ್ಯನವರನ್ನು ಕೇಳಿದರೆ ಅದು ರಹಸ್ಯ ಅಂದರು.
ರಹಸ್ಯವನ್ನು ಸೊಗರಾಬಿಗೆ ಒಯ್ಯಲು
ಯಾವ ಟಿಫನ್ ಡಬ್ಬಿ ಹುಡುಕಲಿ?

ಶಿಲುಬೆಯ ಮಾತು ಬಂದಾಗ ಮಾತ್ರ ಅವಳ ದನಿ ತಗ್ಗುತ್ತದೆ,
ಸಾವಿನ ಮನೆಯಲ್ಲಿ ತಪ್ಪು ಸುದ್ದಿ ತಿದ್ದುವವಳ ಹಾಗೆ.
"ಇಲ್ಲಮ್ಮ, ಈಸಾ ಸಾಯಲಿಲ್ಲ. ಅಷ್ಟು ಪ್ರೀತಿಯವನನ್ನು
ಅಲ್ಲಾ ಅವರ ಕೈಗೆ ಬಿಡ್ತಾನಾ? ಮೇಲಕ್ಕೆ ಎತ್ತಿಕೊಂಡ."
ನನಗೆ ಸಿಟ್ಟು ಬರಬೇಕಿತ್ತು.
ನನ್ನ ಯೇಸುವನ್ನು ಮೊಳೆಗಳಿಂದ ಬಿಡಿಸಿ
ಮಡಿಲಲ್ಲಿಟ್ಟುಕೊಂಡ ಹಾಗೆ ಹೇಳುವವಳ ಮೇಲೆ
ಹೇಗೆ ಬರುತ್ತದೆ?
ಆದರೂ ನನಗೆ ಗಾಯವಿರುವವನೇ ಬೇಕು.
ಬೆಂದ ಬೆರಳು ತೋರಿಸಿದರೆ
ತನ್ನ ಅಂಗೈಯನ್ನೂ ತೋರಿಸುವವನು.

ಅವಳಿಗೆ ತಕ್ಕಡಿ ಮುಖ್ಯ, ಗೂಡಿನ ಮಾರುಕಟ್ಟೆಯ ಊರಿನವಳು.
ಕಡೇ ದಿನ ಪುಣ್ಯ ಒಂದು ತಟ್ಟೆ, ಪಾಪ ಒಂದು ತಟ್ಟೆ,
ಸಾಸಿವೆಯಷ್ಟೂ ತಪ್ಪುವುದಿಲ್ಲ.
ಆದರೆ ದಯಾಳು; ಮನಸ್ಸು ಬಂದರೆ ಸುಮ್ಮನೆ ಬಿಟ್ಟುಬಿಡುತ್ತಾನೆ.
"ಸುಮ್ಮನೆ ಹೇಗೆ? ಯಾರಾದರೂ ತೆರಬೇಡವಾ?"
"ಬಿಡುವ ದೊರೆಗೆ ಇನ್ನೊಬ್ಬನ ರಕ್ತ ಯಾಕೆ ಬೇಕು?"
ಆ ಮಧ್ಯಾಹ್ನ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಒಂದು ಮಾತು, ಸಭೆಯ ಮುಂದೆ ಹೇಳದ್ದು.
ಮಗಳ ಫೀಜಿಗೆ ಸಾಲದೆ ಮೂರು ವಾರ
ಒದ್ದೆ ವೇಸ್ಟು ರೇಷ್ಮೆ ಸೊಂಟಕ್ಕೆ ಸಿಕ್ಕಿಸಿ ಒಯ್ದೆ.
ಸೆರಗಿನಿಂದ ತೊಟ್ಟಿಕ್ಕಿದ ನೀರನ್ನು ಸೊಗರಾಬಿ ನೋಡಿದಳು,
ನೀರನ್ನೇ ನೋಡುತ್ತಾ ಅಂದಳು:
"ಮಾಫ್. ಇನ್ನು ಬೇಡ."
ಅಷ್ಟೇ. ಸುಮ್ಮನೆ.
ಯಾರ ರಕ್ತವೂ ಇಲ್ಲದೆ ಬಿಟ್ಟಳಲ್ಲ,
ಅವಳ ದೇವರೇ ಗೆದ್ದ ಅಂದುಕೊಂಡು
ಆ ರಾತ್ರಿ ಬೆನ್ನು ತಿರುಗಿಸಿ ಮಲಗಿದೆ, ಗೋಡೆಯ ಶಿಲುಬೆಗೆ.

ಬಟವಾಡೆಯ ದಿನ ಮಾಲೀಕರ ಪುಸ್ತಕ ತೆರೆದು ಬಿದ್ದಿತ್ತು.
ವೇಸ್ಟು ಕಮ್ಮಿ. ಕೂಲಿಯಲ್ಲಿ ಮುರಿದದ್ದು:
ಸೊಗರಾಬಿ.
ಮರುವಾರ, ಸೊಗರಾಬಿ.
ಅದರ ಮರುವಾರವೂ.

"ಯಾಕೆ ಹೇಳಲಿಲ್ಲ?"
"ಹೇಳಿದ್ರೆ ಅದು ಮಾಫ್ ಹೆಂಗಾಗುತ್ತೆ?"
"ಇದೇ ಸೊಗರಾಬಿ, ನಾನು ಹೇಳ್ತಾ ಇದ್ದದ್ದು ಇದೇ,
ಬಿಟ್ಟವನೇ ತೆತ್ತ ಅಂತ, ಶಿಲುಬೆ ಅಂದ್ರೆ..."
"ಸುಮ್ನಿರು. ನಾನೂರ ಹತ್ತು ರೂಪಾಯಿ ಅದು.
ಅದಕ್ಕೆ ಮೊಳೆ ಹೊಡೀಬೇಡ."

ಅಸರಿನ ಆಜಾನ್ ಆಯಿತು.
ಕೈ ಒರೆಸಿಕೊಂಡು ಅವಳು ಒಳಗಿನ ಚಾಪೆಗೆ ಹೋದಳು.
ಅವಳು ಬರುವವರೆಗೆ ಎರಡೂ ಬೇಸಿನ್ನು ನನ್ನದು.
ಅವಳ ನೀರು ನನ್ನದಕ್ಕಿಂತ ಬಿಸಿ.
ಗೊತ್ತೇ ಇರಲಿಲ್ಲ.
ತುದಿ ಕೊಡದ ಒಂದು ಗೂಡು
ಬೆರಳಿಗೆ ಸಿಕ್ಕಿಯೂ ಸಿಗದೆ
ತಿರುಗುತ್ತಲೇ ಇತ್ತು.