ಒಂದು ಸೊನ್ನೆ ಒಂದು

ನನ್ನ ಕೆಲಸ ನೆಲ ಒರೆಸುವುದು, ಬೆಡ್‌ಪ್ಯಾನ್ ತೊಳೆಯುವುದು.
ಮಾತು ದಾಟಿಸುವುದು ಯಾವ ಆರ್ಡರಿನಲ್ಲೂ ಇಲ್ಲ.
ಆದರೂ ಹನ್ನೊಂದನೇ ಕೋಣೆಯಿಂದ ದಿನಕ್ಕೆ ಹತ್ತು ಸಲ
ಕೂಗು ಬರುತ್ತದೆ: ಸುಲಕ್ಷಾ, ಸ್ವಲ್ಪ ಬಾ.
ಒದ್ದೆ ಕೈ ಸೆರಗಿಗೆ ಒರೆಸಿಕೊಂಡು
ಮೇಜಿಗೂ ಸ್ಟೂಲಿಗೂ ನಡುವೆ ಹೋಗಿ ನಿಲ್ಲುತ್ತೇನೆ.

ಡಾಕ್ಟರು ತಮಿಳುನಾಡಿನ ಹುಡುಗಿ, ಕಯಲ್‌ವಿಳಿ.
ಕಾರವಾರಕ್ಕೆ ಬಂದು ಮೂರು ತಿಂಗಳು.
ಕನ್ನಡ 'ಊಟ ಆಯ್ತಾ'ದವರೆಗೆ ಬಂದಿದೆ,
ಕೊಂಕಣಿ ಇನ್ನೂ ಕಾಳಿ ಸೇತುವೆಯ ಆಚೆಗೇ ನಿಂತಿದೆ.
ನನ್ನ ಇಂಗ್ಲಿಷು ಕೇಸ್ ಶೀಟು ಹೊತ್ತು ತಿರುಗಿ ಕಲಿತದ್ದು:
ಫೀವರ್, ಮೋಶನ್, ವಾಮಿಟಿಂಗ್, ಶುಗರ್, ನಿಲ್.

ಅವತ್ತು ಸ್ಟೂಲಿನ ಮೇಲೆ ಮುದಗಾದ ಶೇವಂತಿ ಖಾರ್ವಿ.
ಬುಟ್ಟಿಯನ್ನು ಹೊರಗೆ ಬೇವಿನ ಬುಡದಲ್ಲಿಟ್ಟು
ಕಾಗೆ ಮುಟ್ಟದ ಹಾಗೆ ಗೋಣಿ ಮುಚ್ಚಿ ಬಂದಿದ್ದಳು.
ಒಂದು ಕಣ್ಣು ಬಾಗಿಲ ಕಡೆಗೇ.
ವೇರ್ ಈಸ್ ದ ಪೇನ್?
ಖಂಯ್ ದುಕ್ತಾ, ಮಾವ್ಶೆ?
ಎಲ್ಲೂ ಇಲ್ಲ ಎಂದು ತಲೆಯಾಡಿಸಿದಳು.
ಚುಚ್ಚುವುದಿಲ್ಲವಂತೆ, ಉರಿಯುವುದಿಲ್ಲವಂತೆ.
ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು,
ಜೀವ್ ಕಸೊ ಕಸೊ ಜಾತಾ.

ಜೀವ ಹೇಗೋ ಹೇಗೋ ಆಗುತ್ತದೆ.
ಕನ್ನಡಕ್ಕೆ ತರಲು ಕಷ್ಟವೇ ಇಲ್ಲ,
ಇದೇ ನೀರು, ಇನ್ನೊಂದು ಕೊಡ.
ಅಲ್ಲಿಂದಾಚೆ ಹೋಗಬೇಕಲ್ಲ.
ಜೀವಕ್ಕೆ ಏನನ್ನುತ್ತಾರೆ? ಲೈಫ್?
ಅದು ಇನ್ಶೂರೆನ್ಸಿನವರ ಮಾತು.
ಹೇಗೋ ಹೇಗೋ ಎಂಬುದಕ್ಕೆ?
ಹೊರಗೆ ನಲವತ್ತು ಜನ, ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು,
ಡಾಕ್ಟರು ಪೆನ್ನು ಎತ್ತಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು.
ನೋ ಪೇನ್ ಮೇಡಂ, ಅಂದೆ.
ಲಿಟಲ್ ವೀಕ್‌ನೆಸ್. ಗ್ಯಾಸ್.

ಗ್ಯಾಸ್ ಅಂತ ಅವಳು ಹೇಳಿಯೇ ಇರಲಿಲ್ಲ.
ಅದು ನಾನೇ ಸೇರಿಸಿದ್ದು,
ಪಾಲು ಸಣ್ಣದಾಗಿ ಕಂಡರೆ
ಮೇಲೆ ಎರಡು ತಾರ್ಲೆ ಹಾಕುತ್ತಾರಲ್ಲ, ಹಾಗೆ.
ಬಿಟ್ಟದ್ದು ಒಂದೇ ಒಂದು ಪದ. ಜೀವ.

ಚೀಟಿಯಲ್ಲಿ ಗುಳಿಗೆಯ ಹೆಸರು, ಮುಂದೆ ಒಂದು ಸೊನ್ನೆ ಒಂದು.
ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು:
ಅಷ್ಟನ್ನಾದರೂ ಹೇಳುತ್ತಿದ್ದೆನೇನೋ.
ವಾರ್ಡಿನಲ್ಲಿ ಯಾರೋ ವಾಂತಿ ಮಾಡಿದರು,
ಬಕೆಟ್ ಹಿಡಿದು ಓಡಿದೆ.

ಮೂರನೇ ದಿನ ನಸುಕಿನಲ್ಲಿ ಬಂದಳು, ಸ್ಟ್ರೆಚರಿನ ಮೇಲೆ.
ಇಸಿಜಿ ಕಾಗದ ಸುರುಳಿ ಸುರುಳಿಯಾಗಿ ಇಳಿಯಿತು.
ಅದನ್ನು ಓದಲು ಯಾರೂ ನನ್ನನ್ನು ಕರೆಯಲಿಲ್ಲ.
ಬಾಂಬೋಳಿಗೆ ಬರೆದುಕೊಟ್ಟರು.
ಪೋಳೆ ಚೆಕ್‌ಪೋಸ್ಟಿನ ಹತ್ತಿರ
ಆಂಬುಲೆನ್ಸ್ ತಿರುಗಿಸಿದರಂತೆ.

ಹನ್ನೆರಡರ ಊಟ ಮುಗಿಸಿ ಮಗಳು ಬಂದಿದ್ದಳು,
ಮರಣದ ದಾಖಲೆಗೆ. ಕೈಯಲ್ಲಿ ಅದೇ ಚೀಟಿ,
ಒಂದೂ ಬಿಚ್ಚದ ಗುಳಿಗೆ ಪಟ್ಟಿ.
ಅಮ್ಮನಿಗೆ ಅಕ್ಷರ ಬರ್ತಿರಲಿಲ್ಲ, ಲೆಕ್ಕ ಬರ್ತಿತ್ತು, ಅಂದಳು.
ನೂರಾ ಒಂದು ಅಂತ ಬರೆದಿದ್ದಾರೆ,
ಯಾವ ದೇವರಿಗೆ ಅಂತ ಬರೆದಿಲ್ಲ,
ಪ್ಯಾಟಿಗೆ ಹೋದಾಗ ಕೇಳ್ಕೊಂಡು ಬಾ ಅಂದಿದ್ಲು.
ಸೆರಗಿನ ಗಂಟಿನಲ್ಲಿ ಸಿಕ್ಕಿತಂತೆ:
ನೂರರ ಒಂದು ನೋಟು, ಒಂದು ರೂಪಾಯಿ.
ನೋಟಿಗೆ ಇನ್ನೂ ಮೀನಿನ ವಾಸನೆ.
ನಾನು ದೇವರ ಹೆಸರು ಹೇಳಲಿಲ್ಲ.
ಫಿನಾಯಿಲ್ ತರಬೇಕು ಎಂದು ಎದ್ದೆ.

ಈಗ ದಾಟಿಸುವುದಿಲ್ಲ.
ಅವರು ಅಂದದ್ದನ್ನೇ ಅನ್ನುತ್ತೇನೆ, ಅವರದೇ ಮಾತಲ್ಲಿ,
ಮೂರು ಸಲ, ನಾಲ್ಕು ಸಲ,
ಡಾಕ್ಟರು ಪೆನ್ನು ಕೆಳಗಿಟ್ಟು ಅವರ ಮುಖ ನೋಡುವವರೆಗೆ.
ಆಮೇಲೆ ಬರೆಯುತ್ತಾರೆ, ಇಂಗ್ಲಿಷ್ ಅಕ್ಷರಗಳಲ್ಲಿ,
ಜೀವ್ ಕಸೊ ಕಸೊ.
ಅಡಿಗೆರೆ. ಇಸಿಜಿ.
ಇದ್ಯಾವ ಹೊಸ ರೋಗ ಎಂದು ದೊಡ್ಡ ಡಾಕ್ಟರು ಬೈದರಂತೆ.

ನಿನ್ನೆ ಚಹದ ಹೊತ್ತಿಗೆ ಅವರ ಹೆಸರಿನ ಅರ್ಥ ಕೇಳಿದೆ.
ಕಯಲ್ ಅಂದರೆ ಒಂದು ಮೀನು, ವಿಳಿ ಅಂದರೆ ಕಣ್ಣು.
ಅವತ್ತೇ ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ
ಬಾಗಿಲ ಕಡೆಗೆ ಒಂದು ಕಣ್ಣಿಟ್ಟು ಕೂತವಳಿಗೆ.
ಯಾವ ಮೀನು ಗೋ, ಕೇಳುತ್ತಿದ್ದಳು,
ನಿಮ್ಮಲ್ಲಿ ಪಾಲಿಗೆ ಎಷ್ಟು?