ಅಡ್ಡಗಾಳಿ

ಕಾಣಕೋಣದ ಆಗ್ನೆಲ್ ಮೊಣಕಾಲು ಮುರಿದುಕೊಂಡ ಮೇಲೆ
ಅವನ ಚಕ್ರಗಳೆರಡೂ ನನಗೆ ಬಂದವು,
ಅರ್ಧ ಬೆಲೆಗೆ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು.
ಕರೀ ಕಾರ್ಬನ್ನು. ರಿಮ್ಮಿನ ಆಳ ಅರವತ್ತು ಮಿಲಿಮೀಟರು,
ನಾಲ್ಕು ಬೆರಳು ಅಡ್ಡ ಇಟ್ಟರೆ ಮುಚ್ಚುವಷ್ಟು.
ತಟ್ಟಿದರೆ ಒಣ ಸೋರೆಬುರುಡೆಯ ಸದ್ದು.

"ನಿಮ್ಮ ತೂಕವೆಷ್ಟು ಸಿಸ್ಟರ್?" ಕೇಳಿದವನು
ಹಬ್ಬುವಾಡದ ಖಲೀಲ್, ಟೈರು ಕೂರಿಸುತ್ತ.
ನಲವತ್ತೇಳು ಅಂದೆ. ಅವನು ನಗಲಿಲ್ಲ.
ಪಾನಾ ಒರೆಸಿ ಬದಿಗಿಟ್ಟು,
"ಹಾಗಾದರೆ ಸೈಕಲ್ಲಿಗೆ ಶೀಡ ಕಟ್ಟಿಕೊಂಡ ಹಾಗೆ.
ದೋಣಿಯವರನ್ನು ಕೇಳಿ, ಯಾವಾಗ ಇಳಿಸಬೇಕೆಂದು."

ಬೆಳಗಿನ ಮಾಜಾಳಿ ದಾರಿಯಲ್ಲಿ ಇದು ಯಾವುದೂ ಇಲ್ಲ.
ಘಟ್ಟದಿಂದ ಕಾಳಿಯ ಗುಂಟ ಇಳಿದ ಗಾಳಿ
ಇನ್ನೂ ನಿದ್ದೆಗಣ್ಣಲ್ಲಿರುತ್ತದೆ.
ಚಕ್ರ ಗುಂಯ್‌ಗುಡುತ್ತದೆ. ಮೂವತ್ತೊಂದು, ಮೂವತ್ತಮೂರು.
ಯಾರೋ ಹಿಂದಿನಿಂದ ಸೀಟು ಹಿಡಿದು ತಳ್ಳಿದಂತೆ.
ನಿನ್ನೆಯ ಡ್ರಿಪ್ಪು, ಗ್ಲೌಸು, ರಿಜಿಸ್ಟರಿನ ಸಹಿಗಳು
ರಸ್ತೆಬದಿಗೆ ಉದುರುತ್ತ ಹೋಗುತ್ತವೆ.
ಗಡಿಯ ಚೆಕ್‌ಪೋಸ್ಟಿನ ಹತ್ತಿರ ಒಂದು ಚಹಾ.

ಬರುವುದೇ ಬೇರೆ ಕತೆ.
ಎರಡು ಗಂಟೆಗೆ ಡ್ಯೂಟಿ. ಹನ್ನೊಂದೂವರೆಗೆಲ್ಲ
ಕಡಲು ಎದ್ದು ಕೂತಿರುತ್ತದೆ.
ಸದಾಶಿವಗಡದ ಗುಡ್ಡ ಸೀಳಿದಲ್ಲಿ
ಎರಡೂ ಬದಿ ಕಲ್ಲು, ಗಾಳಿಯ ಸುಳಿವಿಲ್ಲ,
ಬೆವರು ಕೂಡ ನೆಟ್ಟಗೆ ಇಳಿಯುತ್ತದೆ.
ಗುಡ್ಡ ಮುಗಿಯುತ್ತದೆ. ಸೇತುವೆ.

ಬಲದಿಂದ, ಕೂರ್ಮಗಡದ ದಿಕ್ಕಿನಿಂದ
ಒಂದು ಅಂಗೈ ಬಂದು ಮುಂದಿನ ಚಕ್ರಕ್ಕೆ ತಾಗುತ್ತದೆ.
ಹೊಡೆತವೇನಲ್ಲ,
ಬಸ್ಸಿನ ಸೀಟಿನಲ್ಲಿ ಜಾಗ ಮಾಡಿಕೊಳ್ಳುವ ಹೆಂಗಸಿನ ಹಾಗೆ
ಸರೀ, ಇನ್ನೂ ಸರೀ ಎಂದು ನೂಕುತ್ತದೆ
ಎಡಕ್ಕೆ, ಕಟಕಟೆಯ ತನಕ.
ಹಳೆಯ ಸೇತುವೆ ಒಂದು ರಾತ್ರಿ ಕುಸಿದದ್ದು
ಆಗ ನೆನಪಾಗಬಾರದು.
ನೆನಪಾಗುತ್ತದೆ.

ಹ್ಯಾಂಡಲ್ ಬಿಗಿಹಿಡಿದೆ ಮೊದಮೊದಲು;
ಬಿಗಿದಷ್ಟೂ ನಡುಕ ಹೆಚ್ಚಿತು.
ಹಿಂದಿನ ಚಕ್ರ ಎಷ್ಟೇ ಆಳವಿರಲಿ, ಮೈಯ ಕೆಳಗೆ ತೆಪ್ಪಗಿರುತ್ತದೆ,
ಮುಂದಿನದಕ್ಕೆ ಕುತ್ತಿಗೆಯುಂಟು,
ಕರೆದವರ ಕಡೆ ತಿರುಗುತ್ತದೆ.

ಅದಕ್ಕಿಂತ ಕೆಟ್ಟದ್ದು ಗಾಳಿ ನಿಲ್ಲುವುದು.
ಬಲಕ್ಕೆ ಒರಗಿ, ಭುಜ ಕೊಟ್ಟು ಬರುತ್ತಿದ್ದೆ ಆ ದಿನ.
ಗೋವೆಯಿಂದ ಬಂದ ಮೀನಿನ ಲಾರಿ
ಪಕ್ಕಕ್ಕೆ ಬಂದು ಇಡೀ ಕಡಲನ್ನು ಮುಚ್ಚಿತು.
ಒರಗಿದ್ದ ಗೋಡೆಯೇ ಇಲ್ಲ!
ಬಿದ್ದೆ ಲಾರಿಯತ್ತ, ಬೀಳುತ್ತಲೇ ಇದ್ದೆ,
ಐಸು ಕರಗಿದ ನೀರು ಮೊಣಕಾಲಿಗೆ ಸಿಡಿಯುವಷ್ಟು,
ಬಾಂಗಡೆಯ ನಾತ ಬಾಯಿಗೆ ಬರುವಷ್ಟು ಹತ್ತಿರ.
ಲಾರಿ ಹೋಯಿತು. ಬಾಗಿಲು ಒದ್ದುಕೊಂಡು
ಕಡಲು ವಾಪಸು ಬಂತು.

ಕೋಡಿಬಾಗದಲ್ಲಿ ಕಾಲೂರಿದಾಗ ಬೆರಳು ಬಿಚ್ಚಲಿಲ್ಲ.
ಸೆಳವು ಬಂದ ಮಗುವಿನ ಮುಷ್ಟಿ ಅದು.
ಆ ಕೆಲಸ ನನಗೆ ಗೊತ್ತು:
ಜೋರು ಮಾಡಬಾರದು,
ಹೆಬ್ಬೆರಳಿನಿಂದ ಶುರು ಮಾಡಬೇಕು,
ಮಾತಾಡುತ್ತಲೇ ಇರಬೇಕು.

ಈಗ ಸೇತುವೆಯನ್ನೂ ಹಾಗೇ ದಾಟುತ್ತೇನೆ.
ಮೊಣಕೈ ಮಡಿಸಿ, ಹೆಬ್ಬೆರಳು ಸಡಿಲ ಬಿಟ್ಟು,
ಪೆಡಲು ಮಾತ್ರ ನಿಲ್ಲಿಸದೆ.
ಮಾತೂ ಉಂಟು, ಕೊಂಕಣಿಯಲ್ಲಿ,
ಅರ್ಧ ಸಮಾಧಾನ, ಅರ್ಧ ಬೈಗುಳ.
ಲಾರಿಯ ಸದ್ದು ಹಿಂದೆ ಕೇಳಿದರೆ
ಅದು ಬರುವ ಮೊದಲೇ ನೆಟ್ಟಗಾಗುತ್ತೇನೆ, ಸ್ವಲ್ಪ.

ಮೇ ತಿಂಗಳಲ್ಲಿ, ಮಳೆಗಾಳಿಗೆ ಮುಂಚೆ,
ಖಲೀಲ್ ಹೇಳಿದ್ದನ್ನು ಕೇಳಿದೆ ಕಡೆಗೂ:
ಮುಂದಕ್ಕೊಂದು ತೆಳು ರಿಮ್ಮು, ಹಿಂದೆ ಇದೇ ಇರಲಿ.
ಒಂದು ಕಾಲಿಗೆ ಬೂಟು, ಒಂದಕ್ಕೆ ಹವಾಯಿ ಚಪ್ಪಲಿ.
ವಾರ್ಡ್‌ಬಾಯ್ ಗಣಪು ದಿನಾ ನಗುತ್ತಾನೆ. ನಗಲಿ.

ಬಿಚ್ಚಿದ ಚಕ್ರ ಮನೆಯ ಗೋಡೆಯ ಮೊಳೆಯಲ್ಲಿದೆ.
ಆಗ್ನೆಲ್ ಫೋನು ಮಾಡಿದಾಗ ಹೇಳಿಲ್ಲ ಇನ್ನೂ.
ರಜೆಯ ದಿನ, ಕಿಟಕಿ ತೆರೆದಿದ್ದರೆ,
ಹನ್ನೊಂದೂವರೆ ಸುಮಾರಿಗೆ
ತಾನಾಗಿ ತಿರುಗುತ್ತದೆ ಕಾಲು ಸುತ್ತು,
ನಿಂತು,
ವಾಲ್ವಿನ ಭಾರಕ್ಕೆ ಮೆಲ್ಲಗೆ ವಾಪಸು.